ಬೀರುವಿನ ಕಟ್ಟಳೆಗಳು

ಬೆಂಗಳೂರಿನ ಶೇಷಾದ್ರಿಪುರಂನ ಹಳೇ ಮನೆಗಳ ಬೀರು ತೆಗೆದರೆ ಬಟ್ಟೆಗಿಂತ ಕಟ್ಟಳೆಗಳೇ ಹೆಚ್ಚಾಗಿ ಮಡಿಸಿಟ್ಟಿರುತ್ತವೆ. ಶನಿವಾರ ಹೊಸದು ಉಡಕೂಡದು. ಉಡುವ ಮುಂಚೆ ಮೂಲೆಗೆ ಅರಿಶಿನ ಮುಟ್ಟಿಸಬೇಕು. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು. ಹಬ್ಬಕ್ಕೆ ಕಪ್ಪು ಬೇಡ. ನಾದಿನಿ ಕೊಟ್ಟ ಸೀರೆಯನ್ನು ನಾದಿನಿ ಮನೆಯ ಕಾರ್ಯಕ್ಕೆ ಒಂದು ಸಲವಾದರೂ ಉಡಲೇಬೇಕು. ಅದೇ ಜನ ಸೇರುವ ಕಡೆಗೆ ಅದೇ ಸೀರೆ ಮತ್ತೆ ಬೇಡ. ಇವನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಬೆಳಗ್ಗೆ ಬೀರುವಿನ ಮುಂದೆ ನಿಂತವರ ಕೈ ಯಾವ ಅಟ್ಟಿಗೆ ಹೋಗಬೇಕು ಎಂಬುದನ್ನು ಇವೇ ತೀರ್ಮಾನಿಸುತ್ತವೆ.

ಕಾದಂಬರಿ, ನಾಟಕ, ಸಿನಿಮಾಗಳನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವ ನಾವು, ದಿನಾ ಪಾಲಿಸುವ ಈ ಕಟ್ಟಳೆಗಳ ವಿಷಯಕ್ಕೆ ಬಂದರೆ ‘ಮೂಢನಂಬಿಕೆ’ ಎಂದು ತಳ್ಳಿಬಿಡುತ್ತೇವೆ, ಇಲ್ಲವೇ ‘ಸಂಪ್ರದಾಯ’ ಎಂದು ಕೈಮುಗಿದು ಸುಮ್ಮನಾಗುತ್ತೇವೆ. ಎರಡೂ ಸೋಮಾರಿಗಳ ಉತ್ತರ. ಉಡುಪಿನ ಕಟ್ಟಳೆಯೊಂದನ್ನು ತೂಗಲು ಎರಡು ಪ್ರಶ್ನೆ ಸಾಕು. ಅದಕ್ಕೊಂದು ಕಾರಣ ಇದೆಯೇ? ಅದರ ಖರ್ಚು ಯಾರ ತಲೆಗೆ? ಕಾರಣ ಇಲ್ಲದಿದ್ದರೂ ಕ್ಷಮಿಸಬಹುದು. ಖರ್ಚು ಇನ್ನೊಬ್ಬರ ತಲೆಗೆ ಬಿದ್ದರೆ ಕ್ಷಮಿಸಲಾಗದು ಎನ್ನುವುದು ನನ್ನ ವಾದ.

ಕಾರಣ ಗಟ್ಟಿಯಾಗಿರುವ ಕಟ್ಟಳೆಗಳನ್ನು ಮೊದಲು ನೋಡೋಣ. ಮಲ್ಲೇಶ್ವರಂ 8ನೇ ಕ್ರಾಸ್ ಕಡೆಯ ಮ್ಯಾಚಿಂಗ್ ಸೆಂಟರುಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಪರೀಕ್ಷೆ ಕಣ್ಣಿಗೆ ಬೀಳುತ್ತದೆ. ಬಂದಾಕೆ ಕವರಿನಿಂದ ಸೀರೆ ತೆಗೆದು ಒಡಲು, ಅಂಚು ಎರಡೂ ಕಾಣುವಂತೆ ಕೌಂಟರ್ ಮೇಲೆ ಹರಡುತ್ತಾರೆ. ಅಂಗಡಿಯ ಹುಡುಗ ಮೇಲಿನಿಂದ ನಾಲ್ಕು ಹಸಿರು ಥಾನು ಇಳಿಸುತ್ತಾನೆ. ಟ್ಯೂಬ್‌ಲೈಟಿನ ಕೆಳಗೆ ನಾಲ್ಕೂ ಹೊಂದುತ್ತವೆ. “ಈಚೆ ತಗೊಂಬಾಪ್ಪ, ಬಿಸಿಲಲ್ಲಿ ನೋಡೋಣ” ಎಂದು ಫುಟ್‌ಪಾತಿಗೆ ಬಂದು ಹಿಡಿದರೆ ಮೂರು ಅಲ್ಲೇ ಫೇಲಾಗುತ್ತವೆ. ಅಂಗಡಿ ದೀಪದಲ್ಲಿ ಬಣ್ಣ ನಂಬಬಾರದು ಎನ್ನುವುದು ಕಟ್ಟಳೆ. ಅದರ ಹಿಂದೆ ಒಳ್ಳೇ ವಿಜ್ಞಾನವೇ ಇದೆ: ಬೇರೆ ಬೇರೆ ಬಣ್ಣಗಳನ್ನು ಬೆರೆಸಿ ಒಂದೇ ತರಹದ ಹಸಿರು ತರಿಸಬಹುದು, ಆದರೆ ಒಂದು ಬೆಳಕಿನಲ್ಲಿ ಜೋಡಿಯಾಗಿ ಕಂಡದ್ದು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತದೆ. ಜವಳಿ ಕಾರ್ಖಾನೆಗಳು ಇದೇ ಪರೀಕ್ಷೆಗೆ ಹಲವು ಬಗೆಯ ದೀಪಗಳಿರುವ ಪೆಟ್ಟಿಗೆ ಇಟ್ಟುಕೊಂಡಿರುತ್ತವೆ. ನಮ್ಮವರಿಗೆ ಫುಟ್‌ಪಾತೇ ಸಾಕು.

ಜರಿ ಸೀರೆಯ ಕಟ್ಟಳೆಯೂ ಇದೇ ಜಾತಿಯದು. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡು, ನುಸಿಗುಳಿಗೆ ತಗುಲಿಸಬೇಡ, ಆಗಾಗ ಮಡಿಕೆ ಬದಲಾಯಿಸು. ಅಸಲಿ ಜರಿ ಅಂದರೆ ಬೆಳ್ಳಿ ಎಳೆಗೆ ಚಿನ್ನದ ಲೇಪ. ಗಾಳಿಯಲ್ಲಿರುವ ಗಂಧಕದ ಅಂಶ ತಾಕಿದರೆ ಬೆಳ್ಳಿ ಕಪ್ಪಾಗುತ್ತದೆ. ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಸಿಟ್ಟರೆ ಎಳೆ ಅಲ್ಲೇ ಮುರಿಯುತ್ತದೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಯ ಹಳೇ ಸೀರೆಗಳನ್ನು ಮೊಮ್ಮಕ್ಕಳು ಇವತ್ತಿಗೂ ಉಡುತ್ತಿದ್ದಾರೆ ಅಂದರೆ, ಅದರ ಶ್ರೇಯಸ್ಸಿನಲ್ಲಿ ನೇಯ್ದವರ ಜೊತೆಗೆ ಮಡಿಕೆ ಬದಲಾಯಿಸಿದ ಅಜ್ಜಿಯರಿಗೂ ಪಾಲಿದೆ.

ಕಾರಣ ಕೇಳಿದರೆ ತಡವರಿಸುವ ಕಟ್ಟಳೆಗಳೂ ಇವೆ. ಮೂಲೆಗೆ ಅರಿಶಿನ ಯಾಕೆ ಅಂದರೆ “ಕ್ರಿಮಿ ಸಾಯುತ್ತೆ” ಎನ್ನುವ ಉತ್ತರ ಈಚಿನದು. ಕಾಳಿನಷ್ಟು ಅರಿಶಿನಕ್ಕೆ ಐದೂವರೆ ಮೀಟರ್ ಬಟ್ಟೆಯ ಕ್ರಿಮಿ ಸಾಯುವುದು ಅಷ್ಟರಲ್ಲೇ ಇದೆ. ಅಂಗಡಿಯಿಂದ ಬಂದದ್ದನ್ನು ನಮ್ಮದು ಮಾಡಿಕೊಳ್ಳುವ ಮುಂಚೆ ಒಂದು ಗಳಿಗೆ ನಿಲ್ಲುವುದು, ದೇವರ ಮುಂದಿಟ್ಟು ತೆಗೆಯುವುದು, ಅಷ್ಟೇ ಅದರ ಅರ್ಥ. ಖರ್ಚು ಅಂದರೆ ಒಳಮೂಲೆಯ ಒಂದು ಕಲೆ. ಶನಿವಾರದ ಕಟ್ಟಳೆಯೂ ಹಾಗೆಯೇ. ಒಂದು ದಿನ ತಡೆದರೆ ಯಾರ ಗಂಟೂ ಹೋಗುವುದಿಲ್ಲ. ಇವಕ್ಕೆ ಪಾಸ್ ಮಾರ್ಕು ಕೊಡಲು ನನ್ನದೇನೂ ಅಡ್ಡಿಯಿಲ್ಲ.

ತೊಡಕು ಶುರುವಾಗುವುದು ನೋಡುವವರಿಗಾಗಿ ಮಾಡಿಕೊಂಡ ಕಟ್ಟಳೆಗಳಲ್ಲಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಹೇಳಿ ಮುಗಿಸುತ್ತದೆ. ಆದರೆ ಪರರಿಚ್ಛೆಯಲ್ಲೂ ಎರಡು ಬಗೆ. ನಾದಿನಿ ಕೊಟ್ಟ ಸೀರೆಯನ್ನು ಆಕೆಯ ಕಣ್ಣಿಗೆ ಬೀಳುವಂತೆ ಉಡುವುದು ಮರ್ಯಾದೆ. ಅದೇ ಜನರೆದುರು ಅದೇ ಸೀರೆ ಉಡಲು ಹಿಂಜರಿಯುವುದು ಭಯ. ಮೊದಲಿನದರಿಂದ ಸಂಬಂಧ ಗಟ್ಟಿಯಾಗುತ್ತದೆ. ಎರಡನೆಯದರಿಂದ ಹೊಸ ಸೀರೆ, ಅದಕ್ಕೆ ಫಾಲ್, ಸೆರಗಿಗೆ ಕುಚ್ಚು, ಸೀರೆಯ ಬೆಲೆಯನ್ನೇ ಅಣಕಿಸುವ ಬ್ಲೌಸ್ ಹೊಲಿಗೆಯ ಬಿಲ್ಲು, ಹೀಗೆ ಸಾಲು ಬೆಳೆಯುತ್ತದೆ. ಮೊದಲೆಲ್ಲ ಯಾರು ಯಾವ ಮದುವೆಗೆ ಏನು ಉಟ್ಟಿದ್ದರು ಎಂಬುದು ಒಬ್ಬಿಬ್ಬರು ಅತ್ತೆಯಂದಿರ ನೆನಪಿನಲ್ಲಿತ್ತು, ಅವರೂ ಮರೆಯುತ್ತಿದ್ದರು. ಈಗ ಫ್ಯಾಮಿಲಿ ವಾಟ್ಸಾಪ್ ಗುಂಪಿನ ಫೋಟೊ ಮರೆಯುವುದಿಲ್ಲ. ಮೂರು ತಲೆಮಾರು ಬಾಳಲೆಂದು ನೇಯ್ದ ಬಟ್ಟೆಯನ್ನು ಮೂರು ಸಲಕ್ಕೆ ಸಾಕು ಅನ್ನಿಸುವ ಈ ಕಟ್ಟಳೆ ನನ್ನ ಲೆಕ್ಕದಲ್ಲಿ ಫೇಲು. ರಾಜಾ ಮಿಲ್ಲಿನ ನೂಲಿನ ಯಂತ್ರಗಳಿದ್ದ ಜಾಗದಲ್ಲಿ ಈಗ ಎದ್ದಿರುವ ಸಂಪಿಗೆ ರಸ್ತೆಯ ಮಾಲಿಗೆ ಮಾತ್ರ ಇದರಿಂದ ಲಾಭ.

ಪರರಿಚ್ಛೆಯ ತೂಕ ಗಂಡಿಗೂ ಹೆಣ್ಣಿಗೂ ಒಂದೇ ಅಲ್ಲ ಎಂಬುದಕ್ಕೆ ಬೆಳಗಿನ ಆರೂವರೆಯ ಹಾಲಿನ ಬೂತ್ ಸಾಕ್ಷಿ. ಬನಿಯನ್, ಲುಂಗಿಯಲ್ಲಿ ಬಂದ ಯಜಮಾನರನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಸಾಲಿನಲ್ಲಿ ನಿಂತ ಗೃಹಿಣಿ ಕುತ್ತಿಗೆಯಿಂದ ಕಾಲಿನವರೆಗೆ ಮುಚ್ಚುವ ನೈಟಿ ತೊಟ್ಟಿದ್ದರೂ ಮೇಲೊಂದು ಟವೆಲ್ಲೋ ವೇಲೋ ಹೊದ್ದೇ ಬಂದಿರುತ್ತಾರೆ. ನೈಟಿ ಮನೆಯೊಳಗೆ ಸೀರೆಯ ಸೆಖೆಯಿಂದ ಬಿಡುಗಡೆ ಕೊಟ್ಟಿತು, ಗೇಟಿನ ಆಚೆ ಬೀದಿ ಆ ಬಿಡುಗಡೆಗೆ ಟವೆಲ್ಲಿನ ತೆರಿಗೆ ಹಾಕಿತು. “ನಂಗೇ ಹಾಕ್ಕೊಂಡ್ರೆ ಸಮಾಧಾನ” ಎಂದು ಆಕೆ ಹೇಳಬಹುದು. ಆದರೆ ಪಕ್ಕದ ಬನಿಯನ್ನಿಗೆ ಆ ಸಮಾಧಾನದ ಅಗತ್ಯವೇ ಬಿದ್ದಿಲ್ಲ.

ಮಡಿಯನ್ನು ಬಿಟ್ಟು ಈ ಮಾತು ಮುಗಿಯದು. ಒಗೆದ ಬಟ್ಟೆಯನ್ನು ಯಾರೂ ಮುಟ್ಟದಂತೆ ಎತ್ತರದ ಗಳುವಿಗೆ ಕೋಲಿನಿಂದ ಏರಿಸಿ ಒಣಗಿಸುವುದು, ಉಟ್ಟ ಮೇಲೆ ಶಾಲೆಯಿಂದ ಬಂದ ಮಗುವನ್ನೂ ದೂರ ನಿಲ್ಲಿಸುವುದು, ಈ ಭಾಗದ ಬ್ರಾಹ್ಮಣ ಮನೆಗಳಲ್ಲಿ ಅರ್ಧ ಶತಮಾನದ ಹಿಂದೆ ದಿನನಿತ್ಯದ ಸಂಗತಿ. ತರ್ಕದ ಪರೀಕ್ಷೆಯಲ್ಲಿ ಮಡಿ ನಿಲ್ಲುವುದಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ, ಹುಳು ಸತ್ತ ಮೇಲೆ ತೆಗೆದ ರೇಷ್ಮೆ ಮಡಿ. ಗಿಡದಿಂದ ಬಂದ ಹತ್ತಿ ನಿನ್ನೆ ಒಗೆದದ್ದಾದರೆ ಮೈಲಿಗೆ. ರೇಷ್ಮೆಯನ್ನು ದಿನಾ ಒಗೆಯಲಾಗದು ಎಂಬ ಅನುಕೂಲವನ್ನೇ ಶಾಸ್ತ್ರ ಮಾಡಿಕೊಂಡಂತಿದೆ. ಅದಕ್ಕಿಂತ ದೊಡ್ಡ ತಕರಾರು ಖರ್ಚಿನದು. ಯಜಮಾನರ ಮಡಿಗೆ ನೀರು ಸೇದಿದವರು, ಒಗೆದವರು, ಒಣಹಾಕಿದವರು ಹೆಚ್ಚಾಗಿ ಮನೆಯ ಹೆಂಗಸರು. ಮನೆಯೊಳಗೇ ಕಾಲಿಡಬಾರದು ಎನಿಸಿಕೊಂಡವರು ತೆತ್ತ ಬೆಲೆ ಇನ್ನೂ ದೊಡ್ಡದು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಬಾಲವಿಧವೆಯ ಉಡುಪನ್ನು ಅವಳ ‘ನಿಯಮ’ ಎಂದು ಕರೆಯಲು ನಾಲಿಗೆ ಹೊರಳುವುದಿಲ್ಲ.

ಈ ವ್ಯತ್ಯಾಸವನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಿಡಿದದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರ ಈ ಕಾದಂಬರಿ ಮುಂದೆ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾವೂ ಆಯಿತು. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ತನ್ನ ಮಡಿಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ. ಆದರೆ ಮನೆಯ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲುತ್ತಾಳೆ. ಕೆಳಜಾತಿಯ ಹೆಣ್ಣಿನ ಹೆರಿಗೆ ಕಷ್ಟವಾದಾಗ ಮಡಿಯನ್ನು ಪಕ್ಕಕ್ಕಿಟ್ಟು ಹೋಗುತ್ತಾಳೆ. ಕಟ್ಟಳೆಯನ್ನು ತನ್ನ ಮೈಗೆ ಬಿಗಿದುಕೊಂಡವಳು, ಇನ್ನೊಬ್ಬಳ ಮೈಗೆ ಅದನ್ನು ಸುತ್ತಲು ಒಪ್ಪಲಿಲ್ಲ. ಅವಳ ದೊಡ್ಡತನ ಇರುವುದು ಅಲ್ಲಿ. ಆದರೂ ಒಂದು ಮಾತು ಸೇರಿಸಬೇಕು: ಆ ಕಟ್ಟಳೆಯನ್ನು ಅವಳು ಆರಿಸಿಕೊಂಡವಳಲ್ಲ. ಹೇರಿದ್ದನ್ನೇ ತನ್ನದಾಗಿಸಿಕೊಂಡು ಗೆದ್ದವಳ ಕತೆ ಹೇರಿದವರಿಗೆ ಸರ್ಟಿಫಿಕೇಟ್ ಆಗಬಾರದು.

ಆರಿಸಿಕೊಂಡ ಕಟ್ಟಳೆಗೆ ಉದಾಹರಣೆ ಬೇಕೆಂದರೆ ಶೇಷಾದ್ರಿಪುರಂ ಪಕ್ಕದ ಕುಮಾರ ಕೃಪಾಕ್ಕೆ ಹೋಗಬೇಕು. ಬಡಾವಣೆಗೆ ಹೆಸರು ಕೊಟ್ಟ ದಿವಾನ್ ಶೇಷಾದ್ರಿ ಅಯ್ಯರ್ ಕಟ್ಟಿಸಿದ ಬಂಗಲೆ ಅದು. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಇಳಿದು ಬಂದು ತಂಗಿದ್ದು ಅಲ್ಲಿಯೇ. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಖಾದಿ ಪ್ರದರ್ಶನವೂ ನಡೆಯಿತು. ಅಷ್ಟು ಹೊತ್ತಿಗೆ ಅವರು ತುಂಡು ಪಂಚೆಗೆ ಇಳಿದು ಹತ್ತಿರ ಹತ್ತಿರ ಆರು ವರ್ಷವಾಗಿತ್ತು. ಖಾದಿ ಕೊಳ್ಳುವಷ್ಟು ದುಡ್ಡು ನಮ್ಮಲ್ಲಿಲ್ಲ ಎಂದು ಬಡವರು ಹೇಳಿದ ಮಾತು ಅವರನ್ನು ಚುಚ್ಚಿತ್ತು. 1921ರ ಸೆಪ್ಟೆಂಬರಿನಲ್ಲಿ, ಮದುರೆಯಲ್ಲಿ, ಅವರು ತಮ್ಮ ಬಟ್ಟೆಯನ್ನೇ ಕಡಿಮೆ ಮಾಡಿಕೊಂಡರು. ಕಟ್ಟಳೆಯ ಖರ್ಚನ್ನು ತಮ್ಮ ಮೈಯಿಂದಲೇ ತೆತ್ತರು.

ಈ ಜಾಡಿನಲ್ಲಿ ಊರಿಗೆ ಊರೇ ಗುರುತಿಸುತ್ತಿದ್ದ ಇನ್ನೊಬ್ಬರು ಬಸವನಗುಡಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. 1942ರ ಚಳವಳಿಯಲ್ಲಿ ಜೈಲು ಕಂಡವರು, ಅಮೆರಿಕದ ಓಹಾಯೊದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಹುದ್ದೆ ಏರಿದರೂ ಉಡುಪು ಏರಲಿಲ್ಲ, ವಾಸವೂ ಹಾಸ್ಟೆಲಿನ ಕೋಣೆಯಲ್ಲೇ. ಅವರ ಮುಂದೆ ಓದಿದ ಹುಡುಗರು ಮಾತ್ರ ಆಯಾ ಕಾಲದ ಪ್ಯಾಂಟಿನಲ್ಲೇ ಓಡಾಡಿದರು. ಒಂದೇ ಬಗೆಯ ಬಟ್ಟೆ ಎಂದು ತೀರ್ಮಾನಿಸಿದವರಿಗೆ ಬೆಳಗಿನ ಯೋಚನೆಯೂ ಉಳಿಯುತ್ತದೆ, ಮಾತಿಗೂ ಬಟ್ಟೆಗೂ ಹೊಂದಿಕೆ ಉಳಿಯುತ್ತದೆ. ಸೂಟು, ಟೈ, ಪೇಟದ ವಿಶ್ವೇಶ್ವರಯ್ಯನವರದೂ ಇಂಥದೇ ಶಿಸ್ತು. ಆದರೆ ಅದು ಕಚೇರಿಯ ಗೌರವ ಕಾಯುವ ಶಿಸ್ತು, ನರಸಿಂಹಯ್ಯನವರದು ನಂಬಿಕೆ ಕಾಯುವುದು. ಎರಡರಲ್ಲಿ ನನ್ನ ಮತ ಎರಡನೆಯದಕ್ಕೆ, ಯಾಕೆಂದರೆ ಹುದ್ದೆ ಹೋದ ಮೇಲೂ ಅದಕ್ಕೆ ಕೆಲಸವಿರುತ್ತದೆ.

ಇದೇ ಖಾದಿ ಕಡ್ಡಾಯವಾದಾಗ ಏನಾಯಿತು ಎಂಬುದನ್ನೂ ಕಂಡಿದ್ದೇವೆ. ಪಕ್ಷದ ಸಮವಸ್ತ್ರವಾಯಿತು, ಗಂಜಿ ಹಾಕಿದ ಗರಿಗರಿ ಬಿಳಿ ಅಂಗಿಯಾಯಿತು, ಚುನಾವಣೆಯ ಹವಾ ನೋಡಿ ಹೊರಬರುವ ಬಟ್ಟೆಯಾಯಿತು. ಕುಮಾರ ಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಅಂಗಳದಲ್ಲಿ ಸೇರುವ ನಮ್ಮಂಥವರ ಕೈಮಗ್ಗದ ಜುಬ್ಬ, ಅಡಿಕೆ ಚೊಗರಿನ ಕೆಂಗಂದು ಸೀರೆಗೂ ಈ ಅಪಾಯ ತಪ್ಪಿದ್ದಲ್ಲ. ನೇಕಾರರಿಗೆ ಅನ್ನ ಸಿಗುವವರೆಗೆ ಅದು ಒಳ್ಳೇ ಕಟ್ಟಳೆ. ಪಾಲಿಯೆಸ್ಟರ್ ಸೀರೆಯಾಕೆಯನ್ನು ಕಂಡು ಮೂಗು ಮುರಿದರೆ ಅದು ಹೊಸ ಮಡಿ, ಅಷ್ಟೇ.

ಈಚಿನ ಎರಡು ಪದ್ಧತಿಗಳನ್ನು ಇದೇ ತಕ್ಕಡಿಗೆ ಹಾಕಬಹುದು. 2015ರಲ್ಲಿ ಬೆಂಗಳೂರಿನ ಅಂಜು ಮೌದ್ಗಲ್ ಕದಂ, ಆಲಿ ಮತ್ತನ್ ಎಂಬ ಗೆಳತಿಯರು ವರ್ಷದಲ್ಲಿ ನೂರು ಸಲ ಸೀರೆ ಉಡುವುದೆಂದು ಒಪ್ಪಂದ ಮಾಡಿಕೊಂಡರು. ಉಟ್ಟ ಸೀರೆಯ ಫೋಟೊ ಹಾಕಿ, ಅದರ ಹಿಂದಿನ ಕತೆ ಹೇಳಬೇಕು. ಸಾವಿರಾರು ಹೆಂಗಸರು ಕೂಡಿಕೊಂಡರು. ತಾಯಿಯ ಸೀರೆ, ಅಜ್ಜಿಯ ಸೀರೆಗಳು ಬೀರುವಿನಿಂದ ಆಚೆ ಬಂದವು. ನೂರು ಸಲ ಉಡುವುದು ಮಾತಾಗಿತ್ತೇ ಹೊರತು ನೂರು ಸೀರೆ ಕೊಳ್ಳುವುದಲ್ಲ. ಆ ಮಟ್ಟಿಗೆ ಅದು ಮರುಬಳಕೆಗೆ ಹೆದರುವ ಚಾಳಿಗೆ ಸರಿಯಾದ ಮದ್ದು. ದಿನಾ ಫೋಟೊ ಹಾಕಬೇಕಾದಾಗ ಹೊಸದನ್ನು ಕೊಳ್ಳುವ ಚಪಲವೂ ಹಿಂದೆಯೇ ಬರುತ್ತದೆ ಎಂಬುದು ಅದರ ಮಿತಿ. ನವರಾತ್ರಿಯ ಒಂಬತ್ತು ದಿನ, ಒಂಬತ್ತು ಬಣ್ಣದ ಪಟ್ಟಿ ಇನ್ನೊಂದು. ಎರಡು ದಶಕದ ಹಿಂದೆ ಮರಾಠಿ ಪತ್ರಿಕೆಯೊಂದರಿಂದ ಜನಪ್ರಿಯವಾದ ಈ ಆಟವನ್ನು ನಮ್ಮ ಕಚೇರಿಗಳು ಪುರಾಣದಷ್ಟೇ ಹಳೆಯದೆಂಬಂತೆ ಪಾಲಿಸುತ್ತಿವೆ. ಸಂಭ್ರಮಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಗುಂಪು ಫೋಟೊಗೆ ಕರೆದಾಗ, ನಾಲ್ಕು ಜೊತೆ ಬಟ್ಟೆಯಲ್ಲಿ ತಿಂಗಳು ಸಾಗಿಸುವ ಗುತ್ತಿಗೆ ನೌಕರಳು “ಬೂದುಬಣ್ಣ ಇಲ್ಲ ಮೇಡಂ” ಎಂದು ಹಿಂದೆ ಸರಿಯುತ್ತಾಳಲ್ಲ, ಅಲ್ಲಿಗೆ ಆಟದ ಖರ್ಚು ಯಾರದೆಂಬುದು ಗೊತ್ತಾಯಿತು.

ಕಟ್ಟಳೆ ಬೀರುವಿನಿಂದ ಇಳಿದು ಬಾಗಿಲಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು 2024 ತೋರಿಸಿತು. ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ತಡೆದರು. ತಡೆದ ಸಿಬ್ಬಂದಿ ಕೆಲಸ ಕಳೆದುಕೊಂಡರು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲಿನಲ್ಲಿ, ಮಗನ ಜೊತೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಒಳಬಿಡಲಿಲ್ಲ. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಊರೆಲ್ಲ ಸಿಟ್ಟಾದದ್ದು ಸರಿಯೇ. ಆದರೆ ಆ ಕಾವಲುಗಾರರು ಅಂಥ ಅಳತೆಗೋಲನ್ನು ತಾವಾಗಿ ಕಡೆದವರಲ್ಲ. ಪಂಚೆ ಮನೆಗೆ, ಪ್ಯಾಂಟು ಆಚೆಗೆ ಎಂದು ನಮ್ಮ ಬೀರುಗಳೇ ಎಂದೋ ವಿಂಗಡಿಸಿ ಇಟ್ಟದ್ದನ್ನು ಅವರು ಬಾಗಿಲಲ್ಲಿ ಜಾರಿಗೆ ತಂದರು.

ಹಾಗಾಗಿ ಕಟ್ಟಳೆಗಳನ್ನು ಸುಟ್ಟುಹಾಕಿ ಎಂದು ನಾನು ಹೇಳಲಾರೆ. ಕಟ್ಟಳೆಯಿಲ್ಲದ ಬೀರು ಅಂಗಡಿಯವನ ಕೈಗೊಂಬೆ; ಪ್ರತಿ ಸೀಸನ್ನಿಗೆ ಅವನು ಹೇಳಿದ್ದೇ ಕಟ್ಟಳೆಯಾಗುತ್ತದೆ. ಬಿಸಿಲಿಗೆ ಹಿಡಿದು ಬಣ್ಣ ನೋಡುವುದು, ಜರಿಯ ಮಡಿಕೆ ಬದಲಾಯಿಸುವುದು, ಇದ್ದದ್ದನ್ನೇ ಮತ್ತೆ ಮತ್ತೆ ಉಡುವುದು, ಇವನ್ನು ಮಕ್ಕಳಿಗೆ ಕಾರಣ ಸಮೇತ ಕಲಿಸಬೇಕು. ಅರಿಶಿನ, ಶನಿವಾರಗಳನ್ನು ಇಷ್ಟವಿದ್ದವರು ಇಟ್ಟುಕೊಳ್ಳಲಿ. ಸೊಸೆ ಕೈಬಿಟ್ಟರೆ ಅತ್ತೆ ಮುಖ ಊದಿಸಿಕೊಳ್ಳದಿರಲಿ. ಉಳಿದ ಕಟ್ಟಳೆಗಳನ್ನು ಹೇಳುವವರು, ಹೇಳುವ ಮುಂಚೆ, ಅವನ್ನು ಪಾಲಿಸಲು ಬೆವರು, ದುಡ್ಡು, ನಾಚಿಕೆ ಯಾರದು ಖರ್ಚಾಗುತ್ತದೆ ಎಂದು ಕೇಳಿಕೊಳ್ಳಲಿ. ಉತ್ತರ ‘ನನ್ನದು’ ಎಂದಾದರೆ ಎಷ್ಟು ಬಿಗಿಯಾಗಿ ಬೇಕಾದರೂ ಪಾಲಿಸಬಹುದು. ‘ಅವಳದು’ ಎಂದಾದರೆ ಬಾಯಿ ಮುಚ್ಚಿಕೊಂಡು ಬೀರುವಿನ ಬಾಗಿಲು ಹಾಕುವುದು ಮೇಲು.