ಕವರಿಲ್ಲದ ರೆಕಾರ್ಡು, ಕೋಲಾರದ ಮೈಕ್ ಸೆಟ್ಟು

ಕಲಾವಿದ ಕ್ರಿಶ್ಚಿಯನ್ ಮಾರ್ಕ್ಲೇ ಎಂದೊಡನೆ ಎಲ್ಲರೂ ‘ದಿ ಕ್ಲಾಕ್’ ಹೆಸರೆತ್ತುತ್ತಾರೆ. ಸಿನಿಮಾ ತುಣುಕುಗಳನ್ನು ಪೋಣಿಸಿ 24 ಗಂಟೆ ಓಡಿಸುವ ಆ ಕೃತಿಗೆ 2011ರಲ್ಲಿ ವೆನಿಸ್ ಬಿನಾಲೆಯ ಚಿನ್ನದ ಸಿಂಹ ಪ್ರಶಸ್ತಿ ಬಂದ ಮೇಲಂತೂ, ಅವನ ಹಿಂದಿನ ಕೆಲಸವೆಲ್ಲ ಅದಕ್ಕೆ ಬರೆದ ಮುನ್ನುಡಿಯೆಂಬಂತೆ ಚರ್ಚೆ ನಡೆಯುತ್ತಿದೆ. ನನಗಿದು ಒಪ್ಪಿಗೆಯಿಲ್ಲ. ಮಾರ್ಕ್ಲೇಯ ನಿಜವಾದ ಸಾಧನೆ 1985ರ ಒಂದು ರೆಕಾರ್ಡ್ ತಟ್ಟೆ, ‘ರೆಕಾರ್ಡ್ ವಿತೌಟ್ ಎ ಕವರ್’.

1939ರಲ್ಲಿ ಸಂಗೀತ ರಚನೆಕಾರ ಜಾನ್ ಕೇಜ್ ವೇಗ ಬದಲಿಸಬಹುದಾದ ಟರ್ನ್‌ಟೇಬಲ್‌ಗಳನ್ನೇ ವಾದ್ಯ ಮಾಡಿಕೊಂಡದ್ದು, 1948ರ ಹೊತ್ತಿಗೆ ಪಿಯರ್ ಶೆಫರ್ ತಟ್ಟೆಯ ಮೇಲೆ ಸುತ್ತಿದಲ್ಲೇ ಸುತ್ತುವ ಗೆರೆಯಿಂದ ಸಂಗೀತ ತೆಗೆದದ್ದು ಓದುಗರಿಗೆ ಗೊತ್ತಿರುವ ಚರಿತ್ರೆ. ಮಾರ್ಕ್ಲೇ ತಟ್ಟೆಗಳನ್ನು ಕತ್ತರಿಸಿ ಅಂಟಿಸಿದ್ದೂ ಅದೇ ದಾರಿಯ ಮುಂದುವರಿಕೆ. ನೋಡಲು ಚೆಂದ, ಕೇಳಲು ಸಾಧಾರಣ. 1985ರ ತಟ್ಟೆಯ ಜಾತಿಯೇ ಬೇರೆ. ಅದನ್ನು ಕವರಿಲ್ಲದೆ ಮಾರಿದರು. ಕವರಿಗೆ ಹಾಕಿಡಬಾರದೆಂಬ ಸೂಚನೆಯನ್ನು ತಟ್ಟೆಯ ಮೇಲೇ ಕೊರೆದರು. ಬೇರೆ ತಟ್ಟೆಗಳನ್ನು ನುಡಿಸಿ ಮುದ್ರಿಸಿಕೊಂಡ ಧ್ವನಿಯಿರುವುದು ಒಂದೇ ಮಗ್ಗುಲಲ್ಲಿ. ಅಂಗಡಿಯ ಧೂಳು, ಅಂಚೆಯವನ ಕೈ, ಕೊಂಡವರ ಮನೆಯ ಮೇಜು ಎಲ್ಲವೂ ಅದರ ಮೇಲೆ ಗೀರು ಬರೆಯುತ್ತ ಹೋಗುತ್ತವೆ.

ಮುಳ್ಳಿಟ್ಟು ಕೇಳಿ. ಮೊದಲು ಬಹಳ ಹೊತ್ತು ಚಟಪಟ, ಕರಕರ ಬಿಟ್ಟು ಏನೂ ಇಲ್ಲ. ಇದು ಅಚ್ಚಾದ ಸದ್ದೋ, ನನ್ನ ಪ್ರತಿಯ ಮೇಲೆ ಬಿದ್ದ ಗೀರೋ? ಪತ್ತೆ ಮಾಡಲು ಕಿವಿಗೊಂದು ಉಪಾಯ ಉಂಟು. ನಿಮಿಷಕ್ಕೆ 33⅓ ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 1.8 ಸೆಕೆಂಡು ಬೇಕು. ಗೆರೆಗಳಿಗೆ ಅಡ್ಡಲಾಗಿ ಬಿದ್ದ ಗೀರು ಪ್ರತಿ 1.8 ಸೆಕೆಂಡಿಗೊಮ್ಮೆ ಟಿಕ್ ಎನ್ನಲೇಬೇಕು. 78ರ ವೇಗದ ತಟ್ಟೆಯಿಂದ ಮುದ್ರಿಸಿಕೊಂಡ ಗೀರಾದರೆ ಸೆಕೆಂಡಿನ ಮುಕ್ಕಾಲು ಭಾಗಕ್ಕೊಮ್ಮೆ ಮರುಕಳಿಸುತ್ತದೆ. ಹಾಗಾದರೆ ಲೆಕ್ಕ ಹಾಕಿ ಬೇರ್ಪಡಿಸಬಹುದಲ್ಲ? ಆಗುವುದಿಲ್ಲ. ಮೂಲ ತಟ್ಟೆಯೂ 33⅓ರದ್ದೇ ಆಗಿದ್ದರೆ ಎರಡು ಗೀರುಗಳ ತಾಳವೂ ಒಂದೇ. ಅಲ್ಲಿ ಕಿವಿ ಸೋಲುತ್ತದೆ, ಕೃತಿ ಗೆಲ್ಲುತ್ತದೆ. ಆಮೇಲೆ ನಿಧಾನವಾಗಿ ಬೇರೆ ತಟ್ಟೆಗಳ ಸಂಗೀತ ಮೇಲೇಳುವಾಗ, ಇಷ್ಟು ಹೊತ್ತು ಕಸವೆಂದುಕೊಂಡದ್ದನ್ನೇ ನಾವು ಮೈಯೆಲ್ಲ ಕಿವಿಯಾಗಿ ಕೇಳಿರುತ್ತೇವೆ. ಕೊಂಡವರೂ ಕೃತಿಯನ್ನು ಬರೆಯುತ್ತಾರೆ ಎಂಬ ಮಾತು ಬಹಳ ಕಲಾವಿದರ ಬಾಯಲ್ಲಿದೆ. ಅದನ್ನು ನಿಜವಾಗಿ ಸಾಧಿಸಿದವರು ಕಡಿಮೆ.

ಇಲ್ಲಿಗೆ ನಮ್ಮಲ್ಲೊಂದು ವಾದ ಬಂದು ಸೇರಿಕೊಳ್ಳುತ್ತದೆ. ‘ಇದರಲ್ಲಿ ಹೊಸದೇನಿದೆ? ನಮ್ಮ ಹಳ್ಳಿಯ ಮೈಕ್ ಸೆಟ್ಟಿನವನು ಗೀರು ಬಿದ್ದ ಪ್ಲೇಟನ್ನು ಎಂದೋ ಹಾಕಿದ್ದ’ ಎನ್ನುತ್ತಾರೆ. ಅಭಿಮಾನದ ಮಾತಿದು, ಆದರೆ ಮೈಕ್ ಸೆಟ್ಟಿನವನಿಗೆ ಮಾಡುವ ಅನ್ಯಾಯ. ಕೋಲಾರ ಸೀಮೆಯಲ್ಲಿ ಆವಣಿಯ ತೇರಿಗೋ ಚಿಕ್ಕತಿರುಪತಿಯ ಜಾತ್ರೆಗೋ ಮರದ ಮೇಲೆ ಹಾರ್ನ್ ಕಟ್ಟಿದವನಿಗೆ ಗೀರು ಬೇಕಿರಲಿಲ್ಲ. ಅರಗಿನ ಪ್ಲೇಟಿನ ಕಾಲದಲ್ಲಿ ಉಕ್ಕಿನ ಮುಳ್ಳು ಒಂದು ಮಗ್ಗುಲಿಗೇ ಸವೆಯುತ್ತಿತ್ತು. ಹಾಡು ಕೆಡಬಾರದೆಂದರೆ ಮೂರು ಚಿಲ್ಲರೆ ನಿಮಿಷಕ್ಕೊಮ್ಮೆ ಬದಲಿಸಬೇಕು. ಪ್ಲೇಟನ್ನು ಪಂಚೆಯ ತುದಿಯಲ್ಲಿ ಒರೆಸಿ ಹಾಕುತ್ತಿದ್ದವನನ್ನು ಗೀರಿನ ಕಲಾವಿದನೆನ್ನುವುದು ಅವನ ಶ್ರದ್ಧೆಯನ್ನು ಕಾಣದವರ ಮಾತು.

ಅವನ ಕಸುಬು ಬೇರೆ ಕಡೆ ಇತ್ತು. ಮುಳಬಾಗಿಲು, ಶ್ರೀನಿವಾಸಪುರದ ಮದುವೆಯಲ್ಲಿ ಗಣೇಶನ ಹಾಡಿನಿಂದ ಶುರು ಮಾಡಿ, ಯಾವ ಹೊತ್ತಿಗೆ ಕನ್ನಡದ ಹಾಡು, ಯಾವ ಹೊತ್ತಿಗೆ ತೆಲುಗಿನದು ಎಂದು ಚಪ್ಪರದ ಜನರನ್ನು ನೋಡಿಯೇ ತೀರ್ಮಾನಿಸುತ್ತಿದ್ದ. ಮಾಲೂರಿನ ಹೊಸೂರು ಗಡಿಯ ಹಳ್ಳಿಯಾದರೆ ತಮಿಳು ಹಾಡೂ ಕೈಗೆಟುಕುವಲ್ಲಿರಬೇಕು. ಒಂದು ಕಣ್ಣು ಪ್ಲೇಟಿನ ಮೇಲೆ, ಇನ್ನೊಂದು ಪುರೋಹಿತರ ಕೈಯ ಮೇಲೆ. ಅವರು ಗಟ್ಟಿಮೇಳಕ್ಕೆ ಕೈಯೆತ್ತಿದರೆಂದರೆ ಹಾಡು ಎಲ್ಲೇ ಇರಲಿ, ಮುಳ್ಳು ಮೇಲೇಳಬೇಕು. ವಾದ್ಯದವರ ಮೊದಲ ಪೆಟ್ಟಿಗೂ ಹಾರ್ನಿನ ಹಾಡಿಗೂ ಡಿಕ್ಕಿಯಾಗಕೂಡದು. ಡಿಜೆ ಕಲೆಯ ಜೀವಾಳ ಇದೇ: ಜನ, ಹೊತ್ತು, ಮುಂದಿನ ಹಾಡು. ಇವತ್ತು ಗಣೇಶ ವಿಸರ್ಜನೆಗೆ ಟ್ರ್ಯಾಕ್ಟರಿನ ಮೇಲೆ ಸ್ಪೀಕರ್ ಪೆಟ್ಟಿಗೆಗಳನ್ನು ಪೇರಿಸಿ ಎದೆ ನಡುಗಿಸುವ ಡಿಜೆಗಳಲ್ಲಿ ಈ ಗಮನವೇ ಇಲ್ಲ. ಜೊತೆಗೆ ತಮಟೆಯವರ ಕೆಲಸವೂ ಹೋಯಿತು.

ಮಾರ್ಕ್ಲೇಯ ಮಿತಿ ಕಾಣುವುದೂ ಈ ಅಳತೆಯಲ್ಲೇ. ಡಿಜೆಯ ಯಂತ್ರವನ್ನು ಆತ ತೆಗೆದುಕೊಂಡ, ಡಿಜೆಯ ಎದುರಿಗಿದ್ದ ಜನರನ್ನು ಈ ತಟ್ಟೆಯಿಂದ ಹೊರಗಿಟ್ಟ. ಕೋಣೆಯಲ್ಲಿ ಒಬ್ಬನೇ ಕೂತು ಕೇಳಬೇಕಾದ ಕೃತಿ ಇದು. ಧ್ವನಿಕಲೆಯಾಗಿ ಇದಕ್ಕೆ ಸಾಟಿಯಿಲ್ಲ. ಡಿಜೆ ಕಲೆಯ ಬಗೆಗಿನ ಮಾತಾಗಿ ತೀರ ತೆಳು. ಟರ್ನ್‌ಟೇಬಲ್ ಕಂಡಲ್ಲೆಲ್ಲ ಡಿಜೆ ಸಂಸ್ಕೃತಿಯ ವ್ಯಾಖ್ಯಾನ ಮಾಡುವ ಬೆಂಗಳೂರಿನ ಗ್ಯಾಲರಿ ಬರಹಗಳು ಈ ವ್ಯತ್ಯಾಸವನ್ನು ಮರೆಸುತ್ತವೆ.

ಆದರೂ ಮಾರ್ಕ್ಲೇಯಿಂದ ನಾವು ಕಲಿಯಬೇಕಾದದ್ದೊಂದಿದೆ. ಕೋಲಾರದ ಕಡೆ ಹಳೆಯ ಮೈಕ್ ಸೆಟ್ಟಿನವರ ಮನೆಗಳ ಅಟ್ಟದಲ್ಲಿ ಇನ್ನೂ ಪ್ಲೇಟುಗಳಿದ್ದರೆ, ಅವುಗಳ ಮೇಲಿನ ಗೀರು ಬಳಕೆಯ ದಾಖಲೆ. ಈಗ ಡಿಜಿಟಲ್ ಮಾಡುವವರು ಮೊದಲು ಮಾಡುವುದೇ ಕರಕರ ತೆಗೆಯುವ ಕೆಲಸ. ಜಾನಪದ ಅಕಾಡೆಮಿಯಲ್ಲಿ, ಆಸಕ್ತ ಕಾಲೇಜುಗಳಲ್ಲಿ ನನ್ನ ಕೋರಿಕೆ ಇಷ್ಟೆ: ಶುಚಿ ಮಾಡಿದ ಪ್ರತಿಯ ಜೊತೆಗೆ ಗೀರು ಸಮೇತ ಒಂದು ಪ್ರತಿ ಇಡಿ. ಯಾವ ಹಾಡಿನ ಹಿಂದೆ ಯಾವ ಹಾಡು ಹಾಕುತ್ತಿದ್ದರು, ಯಾವ ಊರಲ್ಲಿ, ಯಾವ ಹೊತ್ತಿಗೆ ಎಂಬುದನ್ನು ಆ ಮೈಕ್ ಸೆಟ್ಟಿನವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಅವರಿಗೆ ವಯಸ್ಸಾಗಿದೆ, ಬೇಗ ಹೋಗಿ.