ಚಪ್ಪಾಳೆಯ ಆಚೆಗೆ

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವದ ಹೊತ್ತಿಗೆ ಸರ್ವಧರ್ಮ ಸಮ್ಮೇಳನ ನಡೆಯುತ್ತದೆ. 1930ರ ದಶಕದಲ್ಲಿ, ಮಂಜಯ್ಯ ಹೆಗ್ಗಡೆಯವರ ಕಾಲದಲ್ಲಿ ಆರಂಭವಾದದ್ದು. ಅದಕ್ಕೆ ತಕ್ಕ ಜಾಗವೇ ಅದು: ದೇವರು ಮಂಜುನಾಥ, ಪೂಜೆ ವೈಷ್ಣವ ಅರ್ಚಕರದು, ಆಡಳಿತ ಜೈನ ಮನೆತನದ್ದು. ಭಾಷಣದ ಮೊದಲೇ ಅಲ್ಲಿ ನಿತ್ಯದ ಕೆಲಸದಲ್ಲಿ ಹೊಂದಾಣಿಕೆಯಿದೆ.

ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನ ಸೊಗಸು ಬೇರೆ. ನಾಡಿನ ನಾನಾ ಕಡೆಯ ಹಾಡು, ಕುಣಿತ, ಸಾವಿರಾರು ಜನ. ಸಂಗೀತ ಕೇಳುವಾಗ ಪಕ್ಕದವರ ಜಾತಿ ಯಾರು ಕೇಳುತ್ತಾರೆ? ನಿಜ. ಆದರೆ ಪಕ್ಕದವರ ಹೆಸರನ್ನೂ ಕೇಳದೆ ಮನೆಗೆ ಬರುತ್ತೇವಲ್ಲ! ನನ್ನ ತಕರಾರು ಇಷ್ಟೇ.

2017ರಲ್ಲಿ ನಮ್ಮ ಬಂಟ್ವಾಳದಲ್ಲಿ ಕೊಲೆ, ಗಲಭೆ; ವಾರಗಟ್ಟಲೆ ನಿಷೇಧಾಜ್ಞೆ. ನೆರೆಮನೆಯ ಬ್ಯಾರಿ ಅಕ್ಕನೂ ನಾನೂ ಎಷ್ಟೋ ಸೌಹಾರ್ದ ಸಂಜೆಗಳಲ್ಲಿ ಚಪ್ಪಾಳೆ ತಟ್ಟಿದವರು. ಆ ದಿನಗಳಲ್ಲಿ ಮಾತ್ರ ಎದುರಾದರೂ ತಲೆ ತಗ್ಗಿಸಿ ನಡೆದೆವು. ಅಂಗಡಿ ಮುಚ್ಚಿದ್ದ ಒಂದು ರಾತ್ರಿ ನಾನೇ ಅವರ ಬಾಗಿಲು ತಟ್ಟಬೇಕಾಯಿತು.

“ಅಕ್ಕಾ, ಮಗುವಿಗೆ ಜ್ವರ. ಮಾತ್ರೆ ಉಂಟಾ?”

“ಉಂಟು. ಇಷ್ಟು ಹೊತ್ತು ಯಾಕೆ ಕಾದದ್ದು ನೀವು?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಾಂಸ್ಕೃತಿಕ ಸಂಜೆಗಳು ಬೇಡವೆನ್ನುವುದಿಲ್ಲ. ವೇದಿಕೆಯಲ್ಲಿ ಮೂರು ಧರ್ಮದ ಗುರುಗಳನ್ನು ಕೂರಿಸಿದರೆ ಕೆಲಸ ಮುಗಿಯಿತೆಂದು ಸಂಘಟಕರು ತಿಳಿಯಬಾರದು. ಹದಿನೈದು ದಿನ ಮೊದಲೇ ಕೇರಿಯ ಹೆಂಗಸರನ್ನೆಲ್ಲ ಕರೆಯಲಿ. ಹಾಡಿನ ಅಭ್ಯಾಸ, ಅಡುಗೆ, ಪರದೆ ಹೊಲಿಯುವ ಕೆಲಸ ಒಟ್ಟಿಗೆ ನಡೆಯಲಿ. ಜಗಳವಾದರೂ ಆಗಲಿ, ಮಾತಾದರೂ ಬೆಳೆಯುತ್ತದೆ. ಹಾಗೆ ಬಳಕೆಯಾದವರು ಕೆಟ್ಟ ದಿನ ಬಂದಾಗ ಬಾಗಿಲು ತಟ್ಟಲು ನನ್ನಷ್ಟು ತಡಮಾಡಲಿಕ್ಕಿಲ್ಲ.