ಸಾಯಲು ಬಿಡದ ವೈದ್ಯ

ಹುಚ್ಚು ವಿಜ್ಞಾನಿಯನ್ನು ದೇವರ ಸ್ಥಾನವನ್ನು ಅಪಹರಿಸಿದವನೆಂದು ಖಂಡಿಸಿ ಮುಗಿಸುವುದು ಪ್ರಸಂಗಪೀಠದ ಸುಲಭ ರೂಢಿ. ಜೋಸೆಫ್ ಗ್ರೀನ್ ನಿರ್ದೇಶಿಸಿ 1962ರಲ್ಲಿ ತೆರೆಕಂಡ ಅಲ್ಪವೆಚ್ಚದ ಅಮೆರಿಕನ್ ಚಿತ್ರ ‘ದ ಬ್ರೇನ್ ದಟ್ ವುಡಂಟ್ ಡೈ’ಗೆ ಅಷ್ಟು ಸಾಲದು. ಕಾರು ಅಪಘಾತದಲ್ಲಿ ರುಂಡ ಬೇರ್ಪಟ್ಟ ತನ್ನ ನಿಶ್ಚಿತ ವಧು ಜ್ಯಾನಳ ತಲೆಯನ್ನು ಡಾ. ಬಿಲ್ ಕಾರ್ಟ್ನರ್ ದ್ರವದ ತಟ್ಟೆಯಲ್ಲಿ ಜೀವಂತವಾಗಿರಿಸುತ್ತಾನೆ. ಸಾಯಲು ಬಿಡೆಂದು ಆಕೆ ಬೇಡುತ್ತಾಳೆ. ಅವನು ಕಿವಿಗೊಡದೆ ಅವಳಿಗೊಂದು ದೇಹವನ್ನರಸಿ ನೃತ್ಯಗೃಹಗಳಲ್ಲಿ ಅಲೆಯುತ್ತಾನೆ. ಪ್ರೀತಿಯು ಕಿವುಡಾಗುವುದೇ ಇಲ್ಲಿನ ಪಾಪ. ರೋಗಿಗಳ ಹಾಸಿಗೆಯ ಬಳಿ ನಿಲ್ಲುವ ಸಭಾಪಾಲಕರಿಗೆ ಈ ಕಿವುಡು ಅಪರಿಚಿತವಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲಿ ಪೌಲನು ಬೀಜದ ಸಾಮ್ಯದಿಂದ ವಿವರಿಸುವ ಪುನರುತ್ಥಾನವು ಮರಣವನ್ನು ಹಾದು ಬರುವಂಥದ್ದು. ಕಾರ್ಟ್ನರನದು ಬರಿಯ ನಿರಾಕರಣೆ, ಅದರಲ್ಲಿ ದೇಹವೆಂಬುದು ಬದಲಿಸಬಹುದಾದ ಬಿಡಿಭಾಗ.

ಜ್ಯಾನಳ ಮಾತನ್ನು ಆಲಿಸುವುದು ಬೀಗ ಹಾಕಿದ ಬಾಗಿಲ ಹಿಂದಿನ ವಿಕಾರಜೀವಿ, ಅದೇ ವೈದ್ಯನ ವಿಫಲ ಅಂಗಕಸಿಗಳ ಫಲ. ಅದು ಬಾಗಿಲು ಬಡಿದು ಉತ್ತರಿಸುತ್ತದೆ. ಮುಖವರ್ಣಿಕೆ ಅಗ್ಗದ್ದಾದರೂ ಪ್ರಯೋಗಕ್ಕೆ ಬಲಿಯಾದ ಇಬ್ಬರ ಈ ಸಂಭಾಷಣೆಯೇ ಚಿತ್ರದ ಗಂಭೀರ ಭಾಗ; ಅದೂ ಕೊನೆಗೆ ಪ್ರತೀಕಾರಕ್ಕೆ ತಿರುಗುತ್ತದೆ. ಚಿತ್ರವಾದರೂ ನಿರ್ದೋಷಿಯಲ್ಲ. ಕಾರ್ಟ್ನರ್ ಹೆಣ್ಣುಗಳ ಮೈಯನ್ನು ಅಳೆಯುವಾಗ ಕ್ಯಾಮೆರಾ ಅವನ ಪಕ್ಕದಲ್ಲೇ ನಿಂತು, ಅವನಷ್ಟೇ ಆಸೆಯಿಂದ ಅಳೆಯುತ್ತದೆ.